ಕಲ್ಯಾಣದ ಮಲ್ಲರು ಮತ್ತು ಪಂಚಮಿಯ ಜೋಕಾಲಿ

ಕಬ್ಬಿಣದ ತೂಕಗಳನ್ನಾಗಲಿ ಯಂತ್ರಗಳನ್ನಾಗಲಿ ಬಳಸದೆ, ಮೈಯ ಭಾರವನ್ನೇ ಬಂಡವಾಳವಾಗಿಸಿಕೊಂಡು, ಹತ್ತುವುದು, ಜಿಗಿಯುವುದು, ತೆವಳುವುದು, ಜೋತಾಡುವುದು, ಉರುಳುವುದು ಮುಂತಾದ ಚಲನೆಗಳಿಂದ ಬಲವನ್ನೂ ಕೀಲುಗಳ ಸರಾಗವನ್ನೂ ಒಟ್ಟಿಗೆ ಬೆಳೆಸುವ ವ್ಯಾಯಾಮ ಪದ್ಧತಿಯೊಂದು ಈಚಿನ ವರ್ಷಗಳಲ್ಲಿ ಮಹಾನಗರಗಳ ಗಮನ ಸೆಳೆಯುತ್ತಿದೆ. ಎಷ್ಟು ಸಲ, ಎಷ್ಟು ಸುತ್ತು ಎಂಬ ಎಣಿಕೆಗಿಂತ ಆಟದ ಕುತೂಹಲಕ್ಕೆ ಹೆಚ್ಚು ಬೆಲೆ ಕೊಡುವುದು ಇದರ ವಿಶೇಷ. ಮೊಬೈಲ್ ಪರದೆಯ ದಾರಿಯಲ್ಲಿ ಬಂದಿರುವ ಈ ಪದ್ಧತಿಯನ್ನು ಹೊಸ ಆವಿಷ್ಕಾರವೆಂದು ಕರೆಯುವವರಿಗೆ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಉತ್ತರ ಕೊಡಬಹುದು, ಏಕೆಂದರೆ ಮೈಯ ಸಾಧನೆಯನ್ನು ವಿನೋದದ ಅಧ್ಯಾಯದಲ್ಲಿ ಸೇರಿಸಿದ ಒಂದು ಗ್ರಂಥ ಸುಮಾರು ಒಂಬೈನೂರು ವರ್ಷಗಳ ಹಿಂದೆ ಆ ಊರಿನ ಅರಮನೆಯಿಂದಲೇ ಹೊರಬಂತು. ಆದರೆ ಉತ್ತರ ಅಲ್ಲಿಗೇ ಮುಗಿಯುವುದಿಲ್ಲ. ಆ ವಿನೋದ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಕೇಳಿಕೊಂಡಾಗ ಆಟದ ವ್ಯಾಯಾಮದ ನಿಜವಾದ ಪೂರ್ವಜರು ಅರಮನೆಯಲ್ಲಿ ಅಲ್ಲ, ಬೇರೆಡೆ ಕಾಣಸಿಗುತ್ತಾರೆ.

ಮೊದಲು ಎರಡು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಯಾವುದಾದರೂ ತಡೆಯ ಎದುರು ಸ್ನಾಯು ಹೊರಡಿಸಬಲ್ಲ ಎಳೆತವೇ ಬಲ. ಚಲನಶೀಲತೆ ಎಂದರೆ ಬರಿಯ ಬಾಗುವಿಕೆಯಲ್ಲ. ಹೊರಗಿನ ನೆರವಿಲ್ಲದೆ, ತನ್ನವೇ ಸ್ನಾಯುಗಳ ಹಿಡಿತದಲ್ಲಿ, ಕೀಲನ್ನು ಅದರ ಪೂರ್ಣ ವ್ಯಾಪ್ತಿಯಲ್ಲಿ ಆಡಿಸುವ ಸಾಮರ್ಥ್ಯ ಅದು. ಅಂಗಾತ ಮಲಗಿ ಒಂದು ಕಾಲನ್ನು ನೇರವಾಗಿಟ್ಟುಕೊಂಡು ಕೈಯಿಂದ ತಲೆಯತ್ತ ಎಳೆದಾಗ ಅದು ಎಲ್ಲಿಯವರೆಗೆ ಬರುತ್ತದೆಯೋ ಅದು ಬಾಗುವಿಕೆ, ಕೈಬಿಟ್ಟ ಮೇಲೆ ಅದೇ ಕಾಲು ತನ್ನ ಬಲದಿಂದ ಎಲ್ಲಿ ನಿಲ್ಲುತ್ತದೆಯೋ ಅದು ಚಲನಶೀಲತೆ. ಇವೆರಡರ ನಡುವಿನ ಅಂತರವು, ದೇಹ ತಲುಪಬಲ್ಲದಾದರೂ ಆಳಲಾರದ ಪ್ರದೇಶ. ಆಟದ ವ್ಯಾಯಾಮವು ಬಲವನ್ನೂ ಚಲನಶೀಲತೆಯನ್ನೂ ಬೇರೆ ಬೇರೆ ಪಾಠಗಳಾಗಿ ಕಲಿಸದೆ, ಈ ಅಂತರವನ್ನು ಕಡಿಮೆ ಮಾಡುವುದನ್ನೇ ಗುರಿಯಾಗಿಸಿಕೊಳ್ಳುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದ ಮೇಲೆ ಚಾಲುಕ್ಯರ ಈ ನಗರವು ವಿದ್ವತ್ತಿನ ಕೇಂದ್ರವೂ ಆಯಿತು. ಆರನೆಯ ವಿಕ್ರಮಾದಿತ್ಯನ ಮಗನೂ 1126ರಿಂದ 1138ರವರೆಗೆ ಆಳಿದವನೂ ಆದ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಹರಡಿಕೊಂಡಿರುವ ವಿಶ್ವಕೋಶ, ರಾಜ್ಯವನ್ನು ಪಡೆಯುವ, ಉಳಿಸಿಕೊಳ್ಳುವ ವಿದ್ಯೆಯಿಂದ ಹಿಡಿದು ಅಡುಗೆ, ಸಂಗೀತ, ಚಿತ್ರಕಲೆ, ಬೇಟೆಯವರೆಗೆ ಅರಸನ ಬದುಕಿಗೆ ಸಂಬಂಧಿಸಿದ ಯಾವುದನ್ನೂ ಅದು ಬಿಟ್ಟಿಲ್ಲ. ಅದರ ‘ಮಲ್ಲವಿನೋದ’ ಎಂಬ ಅಧ್ಯಾಯವು ಕುಸ್ತಿಯ ಪಟುಗಳನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳ ಪ್ರಕಾರ ವರ್ಗೀಕರಿಸುತ್ತದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸುಗಳನ್ನು ಒದಗಿಸುವುದು ಅರಸನ ಹೊಣೆಯೆಂದು ವಿಧಿಸುತ್ತದೆ. ಅವರು ಮಾಡಬೇಕಾದ ಸಾಧನೆಗಳನ್ನು ಹೆಸರಿಸುತ್ತದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ನೂಕಾಡುವ ಸಾಧನೆ ಮತ್ತು ಕಂಬದ ಮೇಲಿನ ಸ್ತಂಭಶ್ರಮ ಈ ಪಟ್ಟಿಯಲ್ಲಿವೆ. ಮಲ್ಲಕಂಬದ ಬಗೆಗೆ ದೊರೆಯುವ ಅತಿ ಹಳೆಯ ಲಿಖಿತ ಉಲ್ಲೇಖವೆಂದು ವಿದ್ವಾಂಸರು ಸಾಮಾನ್ಯವಾಗಿ ತೋರಿಸುವುದು ಈ ಕೊನೆಯದನ್ನೇ. ಪಟ್ಟುಗಳ ಮತ್ತು ಸಾಧನೆಗಳ ಹೆಸರು ಹೇಳುವಲ್ಲಿ ಉದಾರಿಯಾದ ಗ್ರಂಥವು ಅವನ್ನು ಮಾಡುವ ಬಗೆಯನ್ನು ವಿವರಿಸುವಲ್ಲಿ ಮಾತ್ರ ಜಿಪುಣತನ ತೋರುತ್ತದೆ. ಬಹುಶಃ ಮಾಡುವವರಿಗೆ ಓದುವ ಅಗತ್ಯವಿರಲಿಲ್ಲ, ಓದುವವರಿಗೆ ಮಾಡುವ ಅಗತ್ಯವಿರಲಿಲ್ಲ.

ಇಲ್ಲಿಯೇ ತೊಡಕಿರುವುದು. ಅಧ್ಯಾಯದ ಹೆಸರಿನಲ್ಲಿರುವ ವಿನೋದ ಅರಸನದು, ಬೆವರು ಮಲ್ಲನದು. ಅಂತಃಪುರದ ಹೆಂಗಸರಿಂದ ದೂರವಿರಿಸಿ, ತಿನಿಸಿ ಬೆಳೆಸಿ, ಕೊನೆಗೆ ಸಭೆಯ ಮುಂದೆ ಕಾದಾಡಲು ಬಿಡುವ ಈ ಏರ್ಪಾಡಿನಲ್ಲಿ ಮೈಯ ಬಗ್ಗೆ ಅಪಾರ ಜ್ಞಾನವಿದೆ, ಆದರೆ ಆಡುವವನ ಇಷ್ಟಾನಿಷ್ಟಕ್ಕೆ ಜಾಗ ಕಡಿಮೆ. ಅದೇ ಕಾಲದ ಶಿಲ್ಪವೂ ಬೇರೆ ರೀತಿಯಲ್ಲಿ ಇದನ್ನೇ ಹೇಳುತ್ತದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದ ಹೊರಗೋಡೆಯ ಮದನಿಕೆಯರಲ್ಲಿ, ಆರನೆಯ ವಿಕ್ರಮಾದಿತ್ಯನನ್ನು ಕುರಿತ ಶಾಸನವನ್ನು ಬರೆಯುತ್ತಿರುವ ‘ಶಾಸನ ಸುಂದರಿ’ಯೂ ಸೇರಿದಂತೆ, ಸೊಂಟ ಮತ್ತು ಬೆನ್ನಿನ ತಿರುವುಗಳನ್ನು ಶಿಲ್ಪಿ ಗಮನಿಸಿರುವ ಸೂಕ್ಷ್ಮತೆ ಬೆರಗು ಹುಟ್ಟಿಸುವಂಥದ್ದು, ಆದರೂ ಅಲ್ಲಿನ ದೇಹ ನೋಡುವವರಿಗಾಗಿ ನಿಂತ ದೇಹ.

ಅರಮನೆಗಳು ಅಳಿದ ಮೇಲೂ ಸಾಧನೆ ಉಳಿದದ್ದು ಗರಡಿಗಳಲ್ಲಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಗರಡಿಗೆ ತಾಲೀಮು ಎಂಬ ಹೆಸರೂ ಬಳಕೆಗೆ ಬಂತು. ಕಲಿಸುವವನು ಉಸ್ತಾದ ಅಥವಾ ವಸ್ತಾದ, ಕಲಿಯುವವನು ಪೈಲ್ವಾನ, ಕಲಿಯುವ ಕೆಲಸ ಸಾಮು. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಗಡಿನಾಡಿಗೆ ತಕ್ಕಂತೆ ಅಖಾಡದ ಮಾತೂ ಬೆರಕೆಯದು. ಎಣ್ಣೆ, ಮಜ್ಜಿಗೆ, ಅರಿಶಿನ ಮುಂತಾದವನ್ನು ಬೆರೆಸಿ ಹದಗೊಳಿಸಿದ ಕೆಂಪು ಮಣ್ಣು ಬಿದ್ದವರನ್ನು ತಾಳಿಕೊಳ್ಳುವ ಹಾಸಿಗೆಯಷ್ಟೇ ಅಲ್ಲ, ಅದನ್ನು ದಿನವೂ ಸಲಿಕೆಯಿಂದ ಅಗೆದು ಮಗುಚುವುದೇ ಸೊಂಟ ಮತ್ತು ಭುಜಗಳಿಗೆ ಮೊದಲ ಸಾಮು.

ಗರಡಿಯ ದೇಹಭಾರ ವ್ಯಾಯಾಮಗಳಲ್ಲಿ ಎರಡು ಮುಖ್ಯ: ದಂಡ ಮತ್ತು ಬೈಠಕ್, ಅಂದರೆ ಬಸ್ಕಿ. ಪಟ್ಟಣದ ಜಿಮ್‌ಗಳಲ್ಲಿ ಕಲಿಸುವ ಪುಶ್‌ಅಪ್‌ನಲ್ಲಿ ಮೈ ಹಲಗೆಯಂತೆ ನೇರವಾಗಿದ್ದು ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. ದಂಡದಲ್ಲಿ ಹಾಗಲ್ಲ, ಸೊಂಟ ಮೊದಲು ಮೇಲೆದ್ದಿರುತ್ತದೆ, ಎದೆ ನೆಲವನ್ನು ಸವರಿಕೊಂಡು ಮುಂದೆ ನುಗ್ಗುತ್ತದೆ, ಬೆನ್ನು ಹಿಂದಕ್ಕೆ ಬಾಗಿ ತಲೆ ಎತ್ತುತ್ತದೆ, ಮತ್ತೆ ಸೊಂಟ ಹಿಂದಕ್ಕೆ ಸರಿದು ಮೇಲೇಳುತ್ತದೆ. ಒಂದೇ ಆವರ್ತನದಲ್ಲಿ ತೊಡೆಯ ಹಿಂಭಾಗ ಹಿಗ್ಗುತ್ತದೆ, ಭುಜದ ಕೀಲು ತನ್ನ ವ್ಯಾಪ್ತಿಯ ಬಹುಭಾಗವನ್ನು ಸುತ್ತಿ ಬರುತ್ತದೆ, ಬೆನ್ನುಮೂಳೆ ಎರಡೂ ದಿಕ್ಕಿಗೆ ಬಾಗುತ್ತದೆ, ಕೈಗಳ ಮೇಲಿನ ಭಾರವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಬಲವನ್ನೂ ಚಲನಶೀಲತೆಯನ್ನೂ ಇಷ್ಟು ಅಗ್ಗವಾಗಿ ಒಂದೆಡೆ ಸೇರಿಸಿದ ವ್ಯಾಯಾಮ ಇನ್ನೊಂದು ಸಿಗುವುದು ಕಷ್ಟ. ಬೈಠಕ್‌ನಲ್ಲಿಯೂ ಹಿಮ್ಮಡಿಯನ್ನು ಎತ್ತಿ, ತೋಳುಗಳನ್ನು ಬೀಸುತ್ತ, ಪಾದದ ತುದಿಯ ಮೇಲೆ ಕೂತೇಳುವುದರಿಂದ ಮಂಡಿ ಮತ್ತು ಕಣಕಾಲುಗಳಿಗೆ ಸಮತೋಲದ ಕೆಲಸವೂ ಸೇರಿಕೊಳ್ಳುತ್ತದೆ.

ಆದರೆ ಗರಡಿಯ ಸಂಪ್ರದಾಯ ಇವೆರಡನ್ನೂ ಎಣಿಕೆಯ ತಪಸ್ಸಾಗಿ ಮಾಡಿಬಿಟ್ಟಿತು. ನೂರರಿಂದ ಐನೂರಕ್ಕೆ, ಐನೂರರಿಂದ ಸಾವಿರಕ್ಕೆ ಏರುವ ಸಂಖ್ಯೆಯೇ ಹೆಮ್ಮೆಯ ವಿಷಯವಾಯಿತು. ದೇಹ ಒಂದು ಭಾರಕ್ಕೆ ಒಗ್ಗಿದ ಮೇಲೆ ಅದನ್ನೇ ಸಾವಿರ ಸಲ ಮಾಡುವುದರಿಂದ ತಾಳಿಕೆ ಹೆಚ್ಚುತ್ತದೆಯೇ ಹೊರತು ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬಲ ಬೆಳೆಯಬೇಕಾದರೆ ತಡೆ ಹೆಚ್ಚಬೇಕು ಅಥವಾ ಚಲನೆ ಕಠಿಣವಾಗಬೇಕು. ಕುಸ್ತಿಯ ‘ಜೋರ್’, ಅಂದರೆ ಜೊತೆಗಾರನೊಡನೆ ನಡೆಯುವ ಹಿಡಿತದ ಅಭ್ಯಾಸ, ಈ ಕೊರತೆಯನ್ನು ತುಂಬುತ್ತಿತ್ತು, ಏಕೆಂದರೆ ಎದುರಾಳಿಯ ಮೈ ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರದ ಭಾರ. ಕುಸ್ತಿ ಬಿಟ್ಟು ಬರಿಯ ದಂಡ-ಬೈಠಕ್‌ಗಳನ್ನಷ್ಟೇ ಉಳಿಸಿಕೊಂಡವರಿಗೆ ಉಳಿದದ್ದು ಆಟ ಕಳಚಿದ ಲೆಕ್ಕ.

ಮಲ್ಲಕಂಬದ ಕಥೆ ಸ್ವಲ್ಪ ಬೇರೆ. ಕಲ್ಯಾಣದ ಗ್ರಂಥದಲ್ಲಿ ಹೆಸರಾಗಿ ಕಾಣಿಸಿಕೊಂಡ ಸ್ತಂಭದ ಸಾಧನೆಗೆ ಇಂದಿನ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಎರಡನೆಯ ಬಾಜಿರಾಯ ಪೇಶ್ವೆಗೆ ವ್ಯಾಯಾಮ ಕಲಿಸಿದ ಬಾಳಂಭಟ್ಟ ದಾದಾ ದೇವಧರರ ಕಾಲದಲ್ಲಿ. ತೇಗ ಅಥವಾ ಬೀಟೆ ಜಾತಿಯ ಮರದಿಂದ ಮಾಡಿದ, ಮೇಲಕ್ಕೆ ಹೋದಂತೆ ಸಣ್ಣದಾಗುವ, ಹರಳೆಣ್ಣೆ ಸವರಿದ ಈ ಕಂಬ ನೆಲದಿಂದ ಸುಮಾರು ಎರಡೂವರೆ ಮೀಟರ್ ಎತ್ತರಕ್ಕೆ ನಿಂತಿರುತ್ತದೆ. ಪೈಲ್ವಾನನಿಗೆ ಇದು ಎಂದೂ ದಣಿಯದ ಎದುರಾಳಿ. ತೊಡೆಯ ಒಳಭಾಗದ ಸ್ನಾಯುಗಳಿಂದ ಕಂಬವನ್ನು ಕಚ್ಚಿಕೊಂಡು ತಲೆಕೆಳಗಾಗಿ ನಿಲ್ಲುವಾಗ, ಜಿಮ್ಮಿನ ಸಾಮಾನ್ಯ ಯಂತ್ರಗಳು ಬಹುಮಟ್ಟಿಗೆ ಮರೆತುಬಿಡುವ ಸ್ನಾಯುಗುಂಪು ಮೈಯ ಪೂರ್ಣ ತೂಕವನ್ನು ಹೊರುತ್ತದೆ. ಹಗ್ಗದ ಮಲ್ಲಕಂಬ ಹುಡುಗಿಯರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕಳರಿಪಯಟ್ಟು, ಗತ್ಕಾ, ಥಾಂಗ್-ತಾಗಳ ಜೊತೆ ಮಲ್ಲಕಂಬಕ್ಕೂ ಸ್ಥಾನ ದೊರೆಯಿತು.

ಗ್ರಂಥಕ್ಕೂ ಕ್ರೀಡಾಕೂಟಕ್ಕೂ ಸೇರದೆ ಉಳಿದದ್ದು ಹೆಣ್ಣುಮಕ್ಕಳ ಆಟ. ಗರಡಿಯ ಹೊಸ್ತಿಲು ದಾಟಲು ಅವರಿಗೆ ಅವಕಾಶವಿರಲಿಲ್ಲ; ಆದರೆ ನಾಗರ ಪಂಚಮಿ ಬಂದಾಗ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಬಿಗಿದ ಜೋಕಾಲಿ ಏರುವುದಕ್ಕೆ ಅಡ್ಡಿಯಿರಲಿಲ್ಲ. ಉದ್ಯಾನದ ಉಯ್ಯಾಲೆಯಲ್ಲಿ ಕೂತು ತೂಗಿಸಿಕೊಳ್ಳುವ ಮಗುವಿನ ಆಟಕ್ಕೂ ಪಂಚಮಿಯ ಜೋಕಾಲಿಗೂ ಹೋಲಿಕೆಯಿಲ್ಲ, ಏಕೆಂದರೆ ಇದನ್ನು ನಿಂತು ಜೀಕಬೇಕು. ಜೋಕಾಲಿ ತುದಿಗೆ ಹೋದಾಗ ಮಂಡಿ ಮಡಿಸಿ ಕುಸಿದು, ಅದು ಕೆಳಬಿಂದುವನ್ನು ಹಾಯುವಾಗ ಕಾಲು ನೀಡಿ ನಿಲ್ಲುವುದೇ ಜೀಕುವ ಗುಟ್ಟು. ಹೀಗೆ ಮಾಡಿದಾಗ ದೇಹದ ಗುರುತ್ವಕೇಂದ್ರ ಮೇಲಕ್ಕೆ ಸರಿಯುತ್ತದೆ, ಕಾಲಿನ ಸ್ನಾಯುಗಳು ಮಾಡಿದ ಕೆಲಸ ಜೋಕಾಲಿಯ ಶಕ್ತಿಗೆ ಸೇರಿ ಮುಂದಿನ ತೂಗು ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ; ಹೊರಗಿನಿಂದ ಯಾರೂ ನೂಕಬೇಕಾಗಿಲ್ಲ.

ಈ ಆಟದ ಲೆಕ್ಕ ಹಾಕಿದರೆ ಅದರ ತೂಕ ತಿಳಿಯುತ್ತದೆ. ಜೋಕಾಲಿ ನೇರವಾಗಿ ತೂಗಿದ ಸ್ಥಾನದಿಂದ 60 ಡಿಗ್ರಿ ಕೋನದವರೆಗೆ ಏರಿ ಹಿಂದಿರುಗಿದರೆ, ಗಾಳಿಯ ತಡೆಯನ್ನು ಬಿಟ್ಟು ನೋಡಿದಾಗ, ಕೆಳಬಿಂದುವಿನಲ್ಲಿ ಪಾದಗಳ ಮೇಲೆ ಬೀಳುವ ಒತ್ತಡ ಮೈತೂಕದ ಎರಡು ಪಟ್ಟಾಗುತ್ತದೆ. 45 ಡಿಗ್ರಿಗೇ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಅಂದರೆ 50 ಕಿಲೋ ತೂಗುವ ಹುಡುಗಿಯೊಬ್ಬಳು ಎತ್ತರಕ್ಕೆ ಜೀಕಿ ಕೆಳಬಿಂದುವಿನಲ್ಲಿ ಎದ್ದು ನಿಲ್ಲುವಾಗ, ಇನ್ನೊಂದು 50 ಕಿಲೋ ಚೀಲವನ್ನು ಹೆಗಲ ಮೇಲೆ ಹೊತ್ತು ಬಸ್ಕಿಯಿಂದೇಳುವಷ್ಟು ಕೆಲಸ ಮಾಡುತ್ತಾಳೆ. ಬೈಠಕ್ ಹೊಡೆಯುವ ಪೈಲ್ವಾನನ ಕಾಲಿಗೆ ಬೀಳುವುದು ಹೆಚ್ಚುಕಡಿಮೆ ಅವನ ಮೈಭಾರವಷ್ಟೇ. ಇಷ್ಟು ಸಾಲದೆಂಬಂತೆ ಹಗ್ಗದ ಹಿಡಿತ ಮುಂಗೈಗೆ, ತೂಗಾಟ ಬೆನ್ನಿಗೆ, ಎತ್ತರ ಎದೆಗಾರಿಕೆಗೆ. ಭಾರವನ್ನು ಹೆಚ್ಚಿಸುವ ಕಡಿಮೆ ಮಾಡುವ ಅಧಿಕಾರವೂ ಜೀಕುವವಳದೇ: ಸಾಕೆನಿಸಿದಾಗ ಮಂಡಿ ನೀಡುವುದನ್ನು ನಿಲ್ಲಿಸಿದರೆ ಜೋಕಾಲಿ ತಾನಾಗಿ ತಗ್ಗುತ್ತದೆ. ಆಧುನಿಕ ವ್ಯಾಯಾಮಶಾಸ್ತ್ರ ಹೇಳುವ ಕ್ರಮಬದ್ಧ ಭಾರವೃದ್ಧಿಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ. ನೋಡುವವರು ಇದ್ದರೂ ಇಲ್ಲದಿದ್ದರೂ ಆಟ ನಡೆಯುತ್ತಿತ್ತು ಎಂಬುದೇ ಮಲ್ಲವಿನೋದಕ್ಕೂ ಇದಕ್ಕೂ ಇರುವ ವ್ಯತ್ಯಾಸ.

ಫುಗಡಿಯೂ ಇದೇ ಗುಂಪಿಗೆ ಸೇರಿದ್ದು. ಇಬ್ಬರು ಎದುರುಬದುರಾಗಿ ಕೈಗಳನ್ನು ಕತ್ತರಿಯಾಗಿ ಹಿಡಿದು, ಪಾದಗಳನ್ನು ಹತ್ತಿರ ತಂದು, ಮೈಯನ್ನು ಹಿಂದಕ್ಕೆ ಚೆಲ್ಲಿ ಗರಗರನೆ ಸುತ್ತುವಾಗ ಇಬ್ಬರನ್ನೂ ಹಿಡಿದಿಡುವುದು ಬೆರಳುಗಳ ಹಿಡಿತ ಮತ್ತು ಬೆನ್ನಿನ ಬಿಗಿ; ಒಳಕಿವಿಯಲ್ಲಿರುವ ಸಮತೋಲದ ಅಂಗಕ್ಕೂ ಇದು ಒಳ್ಳೆಯ ಪಾಠ. ಶೀಗಿ ಹುಣ್ಣಿಮೆಯ ಹೊತ್ತಿಗೆ ಬೀದರ್ ಭಾಗದ ಹೆಂಗಸರು ಹಾಡಿಕೊಂಡು ಆಡುವ ಬುಲಾಯಿಯಲ್ಲಿ, ಮೆರವಣಿಗೆಗಳ ಲೇಜೀಮಿನಲ್ಲಿ, ಕೋಲಾಟದಲ್ಲಿ ಬಾಗುವುದು, ಏಳುವುದು, ತಿರುಗುವುದು ಎಲ್ಲವೂ ತಾಳಕ್ಕೆ ಕಟ್ಟುಬಿದ್ದಿವೆ. ಎಣಿಕೆಯ ಕೆಲಸವನ್ನು ಹಾಡೇ ಮಾಡುವುದರಿಂದ ದಣಿವು ತಡವಾಗಿ ಅರಿವಿಗೆ ಬರುತ್ತದೆ.

ಶಾಲೆಯ ಅಂಗಳದಲ್ಲಿ ಆಟದ ವ್ಯಾಯಾಮದ ಪ್ರತಿನಿಧಿ ಖೋ ಖೋ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣದ ನಡುಪಟ್ಟಿಯಲ್ಲಿ ಎಂಟು ಮಂದಿ ಒಬ್ಬರು ಒಂದು ದಿಕ್ಕಿಗೆ, ಮುಂದಿನವರು ಅದರ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಕ್ಕುರುಗಾಲಿನಲ್ಲಿ ಕೂತಿರುತ್ತಾರೆ, ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಬೆನ್ನ ಮೇಲೆ ಕೈಬಿದ್ದು ‘ಖೋ’ ಎಂಬ ಸದ್ದು ಕೇಳಿದ ಕೂಡಲೇ ಆಳವಾದ ಕೂತ ಭಂಗಿಯಿಂದ ಚಿಮ್ಮಿ ಓಟಕ್ಕೆ ಹೊರಳಬೇಕಾದ ಈ ಆಟದಲ್ಲಿ ಸೊಂಟ, ಮಂಡಿ ಮತ್ತು ಕಣಕಾಲುಗಳ ಚಲನಶೀಲತೆಯೇ ವೇಗದ ಬುನಾದಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಆ ಗೆಲುವಿಗಿಂತಲೂ, ಎರಡು ಕಂಬಗಳಷ್ಟೇ ಸಲಕರಣೆಯಾಗಿರುವ ಆಟ ಇದು ಎಂಬುದು ಸಣ್ಣ ಊರಿನ ಶಾಲೆಗಳಿಗೆ ಮುಖ್ಯ ಸಂಗತಿ.

ಹೊರಗಿನ ಜಗತ್ತೂ ಇದೇ ದಾರಿಯಲ್ಲಿ ಯೋಚಿಸಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ನೌಕಾಧಿಕಾರಿ ಜಾರ್ಜ್ ಎಬೆರ್ ರೂಪಿಸಿದ ‘ಸಹಜ ವಿಧಾನ’ವು ನಡಿಗೆ, ಓಟ, ಜಿಗಿತ, ನಾಲ್ಕು ಕಾಲಿನ ನಡೆ, ಹತ್ತುವಿಕೆ, ಸಮತೋಲ, ಎಸೆತ, ಎತ್ತುವಿಕೆ, ಆತ್ಮರಕ್ಷಣೆ, ಈಜು ಎಂಬ ಹತ್ತು ಗುಂಪುಗಳನ್ನು ಹೇಳುತ್ತದೆ. ಮಲ್ಲವಿನೋದದ ಭಾರ, ನಡಿಗೆ, ನೀರು, ತೋಳು, ಕಂಬಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಐದೂ ಸಾಧನೆಗಳು ಇದರಲ್ಲಿ ತಮ್ಮ ಜೊತೆಗಾರರನ್ನು ಕಂಡುಕೊಳ್ಳುತ್ತವೆ. ಒಬ್ಬರಿಂದ ಒಬ್ಬರು ಕಲಿತರೆಂದಲ್ಲ, ಮನುಷ್ಯನ ಮೈ ಎಲ್ಲೆಡೆ ಒಂದೇ ಎಂಬ ಕಾರಣಕ್ಕೆ. ಕರ್ನಾಟಕದ ದಕ್ಷಿಣದಲ್ಲಿ, 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿ ಮರುವರ್ಷ ಕನ್ನಡದಲ್ಲಿ ‘ಯೋಗ ಮಕರಂದ’ ಪ್ರಕಟಿಸಿದ ಟಿ. ಕೃಷ್ಣಮಾಚಾರ್ಯರ ಪದ್ಧತಿಯಲ್ಲಿ ಗರಡಿಯ ದಂಡದ ಛಾಯೆಯಿದೆಯೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಇಂದಿನ ಆಟದ ವ್ಯಾಯಾಮದಲ್ಲಿ ಕಲಿಸುವ ಕರಡಿ ನಡಿಗೆ, ಏಡಿ ನಡಿಗೆ, ಕಪ್ಪೆ ಜಿಗಿತಗಳಂತೂ ಪ್ರಾಥಮಿಕ ಶಾಲೆಯ ಪಿ.ಟಿ. ಮಾಸ್ತರರಿಗೆ ಹೊಸತೇನಲ್ಲ.

ಆಟ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಶರೀರಶಾಸ್ತ್ರದಲ್ಲಿ ಉತ್ತರವಿದೆ. ವ್ಯಾಯಾಮ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುತೇಕ ಸ್ನಾಯುವಿನ ಗಾತ್ರದಿಂದ ಬಂದದ್ದಲ್ಲ; ಇರುವ ಸ್ನಾಯುತಂತುಗಳನ್ನು ಸರಿಯಾದ ಕ್ರಮದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಕೆಲಸಕ್ಕೆ ಹಚ್ಚಲು ನರಮಂಡಲ ಕಲಿತದ್ದರಿಂದ ಬಂದದ್ದು. ಪ್ರತಿ ಸಲವೂ ಕೊಂಚ ಬದಲಾಗುವ ಸನ್ನಿವೇಶವನ್ನು ಎದುರಿಸುವ ನರಮಂಡಲ ಒಂದೇ ಚಲನೆಯನ್ನು ಯಾಂತ್ರಿಕವಾಗಿ ಮಾಡುವುದಕ್ಕಿಂತ ಹೆಚ್ಚು ಬಳಕೆಗೆ ಬರುವ ಕೌಶಲವನ್ನು ಕಲಿಯುತ್ತದೆ. ಕಣ್ಣುಮುಚ್ಚಿದರೂ ಕೈಕಾಲು ಎಲ್ಲಿವೆಯೆಂದು ತಿಳಿಸುವ ಅಂಗಸ್ಥಿತಿಯ ಅರಿವು ಕೂಡ ಇಂಥ ವೈವಿಧ್ಯದಿಂದಲೇ ಹರಿತಗೊಳ್ಳುತ್ತದೆ. ಇದಕ್ಕಿಂತ ದೊಡ್ಡ ಕಾರಣ ಸರಳವಾದದ್ದು: ಬೇಸರವಾಗದ್ದನ್ನು ಜನ ಬಿಡುವುದಿಲ್ಲ.

ಆದರೂ ಆಟವೊಂದೇ ಸಾಕೆಂದು ಹೇಳುವುದು ಅತಿಯಾದೀತು. ಖೋ ಖೋ ಕಾಲನ್ನು ಬೆಳೆಸುತ್ತದೆ, ಎಳೆಯುವ ತೋಳನ್ನು ಬೆಳೆಸುವುದಿಲ್ಲ. ಜೋಕಾಲಿ ವರ್ಷದಲ್ಲಿ ಕೆಲವೇ ದಿನಗಳ ಅತಿಥಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು, 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲ ಮತ್ತು ಬಲಗಳನ್ನು ಒಳಗೊಂಡ ಬಹುಬಗೆಯ ಚಟುವಟಿಕೆಯನ್ನು, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನು ಸೂಚಿಸುತ್ತದೆ. ದಿನವಿಡೀ ಅಂಗಡಿಯ ಗಲ್ಲೆಯ ಮೇಲೋ ಕಚೇರಿಯ ಕುರ್ಚಿಯಲ್ಲೋ ಕೂರುವವರು ಒಮ್ಮೆಲೇ ಕಪ್ಪೆ ಜಿಗಿತಕ್ಕೆ ಇಳಿದರೆ ಮಂಡಿ ಮುನಿಯುತ್ತದೆ. ಅಧಿಕ ರಕ್ತದೊತ್ತಡ ಅಥವಾ ಕಣ್ಣಿನ ಒಳಒತ್ತಡದ ತೊಂದರೆ ಇರುವವರು ತಲೆಕೆಳಗಾಗುವ ಚಲನೆಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಬರಿಗಾಲಿನ ಆಟವನ್ನು ದೂರವಿಡಬೇಕು.

ಬಸವಕಲ್ಯಾಣದಲ್ಲಾಗಲಿ ಹುಮನಾಬಾದ್‌ನಲ್ಲಾಗಲಿ ಆರಂಭಿಸಬಯಸುವವರಿಗೆ ದುಬಾರಿ ಸಾಮಗ್ರಿ ಬೇಕಿಲ್ಲ. ಬಿಸಿಲು ಏರುವ ಮುಂಚಿನ ಅರ್ಧ ಗಂಟೆ, ಮೈದಾನದ ಒಂದು ಮೂಲೆ ಅಥವಾ ಮನೆಯ ಮಾಳಿಗೆ ಸಾಕು. ಗೋಡೆಗೆ ಕೈಕೊಟ್ಟು ಮಾಡುವ ದಂಡದಿಂದ ಮೊದಲಾಗಿ, ಕಟ್ಟೆಯ ಮೇಲೆ ಕೈಯಿಟ್ಟು, ಕೊನೆಗೆ ನೆಲಕ್ಕೆ ಇಳಿಯುವುದು ಕ್ರಮ. ಕೈ ಕೆಳಗಿಳಿದಂತೆ ಮೈಯ ಹೆಚ್ಚು ಪಾಲು ಅದರ ಮೇಲೆ ಬೀಳುವುದರಿಂದ ತೂಕದ ಬಿಲ್ಲೆ ಏರಿಸಿದ ಫಲವೇ ಸಿಗುತ್ತದೆ. ಕುಕ್ಕುರುಗಾಲಿನಲ್ಲಿ ಕೂರಲಾಗದವರು ಬಾಗಿಲ ಚೌಕಟ್ಟನ್ನು ಹಿಡಿದು ಕೂರಲಿ, ದಿನಗಳೆದಂತೆ ಹಿಡಿತ ಸಡಿಲಿಸಲಿ. ಗಟ್ಟಿಯಾದ ಕೊಂಬೆಗೆ ಬರಿಯ ಜೋತುಬೀಳುವುದರಿಂದಲೂ ಭುಜ ಮತ್ತು ಮುಂಗೈಗೆ ಕೆಲಸ ಸಿಗುತ್ತದೆ. ಮಕ್ಕಳೊಡನೆ ಕುಂಟಾಬಿಲ್ಲೆ ಆಡುವ ಅಜ್ಜಿಗೆ ಅದು ಒಂಟಿಕಾಲಿನ ಸಮತೋಲದ ಅಭ್ಯಾಸವೂ ಹೌದು, ಪಕ್ಕದಲ್ಲಿ ಹಿಡಿಯಲು ಗೋಡೆಯಿದ್ದರೆ ಆಯಿತು. ಪಂಚಮಿಗೆ ಜೋಕಾಲಿ ಕಟ್ಟುವವರಾದರೆ ಕೊಂಬೆ ಹಸಿಯಾಗಿರುವುದನ್ನೂ ಹಗ್ಗ ಸವೆದಿಲ್ಲವೆಂಬುದನ್ನೂ ಮೊದಲು ನೋಡಬೇಕು. ಜೀಕುವವರ ತೂಕದ ಎರಡು ಪಟ್ಟನ್ನಲ್ಲ, ಇಬ್ಬರು ಒಟ್ಟಿಗೆ ಏರುವುದು ವಾಡಿಕೆಯಾದ್ದರಿಂದ ಒಬ್ಬರ ತೂಕದ ಐದಾರು ಪಟ್ಟನ್ನಾದರೂ ಅವೆರಡೂ ತಾಳಬೇಕಾಗುತ್ತದೆ.